ಅಮ್ಮನ ಭೇದಿ ಮತ್ತು ಕರುಳಿನೊಳಗಿನ ಆಟ

ಹೋದ ವರ್ಷ ಅಮ್ಮನಿಗೆ ಹಲ್ಲಿನ ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟರು. ಹಲ್ಲುನೋವು ಹೋಯಿತು, ಭೇದಿ ಶುರುವಾಯಿತು. ಪರೀಕ್ಷೆ ಮಾಡಿದಾಗ ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಮಾತ್ರೆ ನುಂಗಿದಷ್ಟು ದಿನ ಆರಾಮ, ಬಿಟ್ಟ ಮೇಲೆ ಮತ್ತೆ ಅದೇ ಕಥೆ. "ನಾನೇನು ತಿಂದು ಕೆಡಿಸಿಕೊಂಡೆನೋ" ಅಂತ ಅಮ್ಮ ಕೊರಗುತ್ತಿದ್ದಳು. ಅದನ್ನು ಕೇಳಲಾಗದೆ ನಾನು ಓದಲು ಕೂತೆ.

ಉತ್ತರ ಸಿಕ್ಕಿದ್ದು ವಿಕಾಸವಾದದ ಆಟದ ಲೆಕ್ಕದಲ್ಲಿ, ಅಂದರೆ ಜೀವಿಗಳ ಪೈಪೋಟಿಯನ್ನು ಆಟದಂತೆ ನೋಡಿ ಯಾವ ನಡೆ ಉಳಿಯುತ್ತೆ ಅಂತ ಲೆಕ್ಕ ಹಾಕುವುದರಲ್ಲಿ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಅನ್ನೋ ವಿಜ್ಞಾನಿಗಳು ಪ್ರಾಣಿಗಳ ಜಗಳದ ಬಗ್ಗೆ ಬರೆದರು. ಗುಂಪಿನಲ್ಲಿ ಎಲ್ಲರೂ ಒಂದು ರೀತಿ ಆಡುತ್ತಿರುವಾಗ, ಬೇರೆ ರೀತಿ ಆಡುವ ನಾಲ್ಕು ಜನ ಬಂದರೆ ಅವರಿಗೆ ಲಾಭ ಆಗದಿದ್ದರೆ, ಆ ಗುಂಪು ಹಾಗೇ ಉಳಿಯುತ್ತದೆ. ಒಂದು ಜೀವಿ ಗೆಲ್ಲುವುದು ಅದರ ಸುತ್ತ ಯಾರಿದ್ದಾರೆ ಅನ್ನುವುದರ ಮೇಲೆ. ಕರುಳಿಗೆ ಈ ಮಾತು ಎಷ್ಟು ಒಪ್ಪುತ್ತೆ ನೋಡಿ.

ಸಿ. ಡಿಫಿಸಿಲ್ ಕೆಲವು ಆರೋಗ್ಯವಂತರ ಹೊಟ್ಟೆಯಲ್ಲೂ ಸುಮ್ನೆ ಇರುತ್ತದೆ. ಅಲ್ಲಿ ಅದಕ್ಕೆ ಊಟ ಕಡಿಮೆ, ಪೈಪೋಟಿ ಜಾಸ್ತಿ. ಜೊತೆಗೆ ಅಲ್ಲಿರುವ ಬೇರೆ ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಪಿತ್ತರಸವನ್ನು ಮಾರ್ಪಡಿಸುತ್ತವೆ. ಹಾಗೆ ಮಾರ್ಪಟ್ಟ ಪಿತ್ತದಲ್ಲಿ ಸಿ. ಡಿಫಿಸಿಲ್ ಬೆಳೆಯಲಾರದು. ಆಂಟಿಬಯಾಟಿಕ್ ಈ ನೆರೆಹೊರೆಯವರನ್ನೇ ಕೊಂದರೆ? ಮಾರ್ಪಡದ ಪಿತ್ತ ಹಾಗೇ ಉಳಿದು, ಸಿ. ಡಿಫಿಸಿಲ್‌ನ ಮಲಗಿದ್ದ ಸ್ಪೋರ್‌ಗಳನ್ನು (ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪ) ಎಬ್ಬಿಸುತ್ತದೆ. ಆಮೇಲೆ ಸಿ. ಡಿಫಿಸಿಲ್‌ನ ವಿಷ ಕರುಳಿನ ಗೋಡೆಯನ್ನು ಕೆಡಿಸುತ್ತದೆ, ಆ ಹಾಳಿನಿಂದಲೇ ಅದಕ್ಕೆ ಆಹಾರ. ಈಗ ರೋಗದ ಸ್ಥಿತಿಯೂ ಗಟ್ಟಿ. ಹಳೆಯವರು ನಾಲ್ಕೇ ನಾಲ್ಕು ಮಂದಿ ವಾಪಸ್ ಬಂದರೆ ಅವರಿಗೆ ಕಾಲೂರಲು ಜಾಗವಿಲ್ಲ.

ಅದಕ್ಕೇ ಒಂದೆರಡು ತಳಿಯ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ಇದನ್ನು ಸರಿಮಾಡುತ್ತೆ ಅಂತ ನನಗೆ ಅನ್ನಿಸುವುದಿಲ್ಲ. ಇಡೀ ಊರೇ ಒಟ್ಟಿಗೆ ಬರಬೇಕು. ನೆದರ್ಲೆಂಡ್ಸ್‌ನ ವೈದ್ಯರು ಅದನ್ನೇ ಮಾಡಿದರು. ಆರೋಗ್ಯವಂತರ ಮಲವನ್ನು ದ್ರವ ಮಾಡಿ, ಕೊಳವೆಯಲ್ಲಿ ರೋಗಿಗಳ ಸಣ್ಣ ಕರುಳಿಗೆ ಬಿಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಒಂದೇ ಸಲಕ್ಕೆ 16 ಜನರಲ್ಲಿ 13 ಮಂದಿ ಗುಣ. ವ್ಯಾಂಕೊಮೈಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರ ಪಡೆದ 13 ಜನರಲ್ಲಿ ಗುಣವಾದವರು 4 ಮಂದಿ. ಅಸಹ್ಯ ಅನ್ನಬೇಡಿ, ಪದೇಪದೇ ಭೇದಿಯಿಂದ ಬಳಲಿದವರ ಮುಖ ನಾನು ನೋಡಿದ್ದೇನೆ.

ನನಗೆ ಬೇಸರ ಆಗುವುದು ಇನ್ನೊಂದಕ್ಕೆ. ಶೀತ ಅಂದರೂ ಆಂಟಿಬಯಾಟಿಕ್ ಕೇಳಿ ತಗೊಳ್ತೀವಿ. ವೈರಸ್ಸಿಗೆ ಅದರಿಂದ ಏನೂ ಆಗಲ್ಲ, ಪೆಟ್ಟು ಬೀಳುವುದು ಒಳಗಿನ ಊರಿಗೆ.

ಅಮ್ಮನಿಗೆ ಕೊನೆಗೆ ವ್ಯಾಂಕೊಮೈಸಿನ್ನನ್ನೇ ವಾರಗಟ್ಟಲೆ ಇಳಿಸುತ್ತಾ, ದಿನ ಬಿಟ್ಟು ದಿನ ಕೊಟ್ಟರು. ಆ ಬಿಡುವಿನಲ್ಲಿ ಹಳೆಯ ಬ್ಯಾಕ್ಟೀರಿಯಾಗಳು ಮರಳಿ ಬೇರೂರಬೇಕು ಅನ್ನುವುದು ಲೆಕ್ಕ. ಆರು ತಿಂಗಳಾಯಿತು, ಭೇದಿ ಮರುಕಳಿಸಿಲ್ಲ. "ನೀನು ತಿಂದದ್ದರಿಂದ ಬಂದದ್ದಲ್ಲಮ್ಮ" ಅಂತ ಇದೆಲ್ಲ ವಿವರಿಸಿ ಹೇಳಿದೆ. ಮೊದಲ ಸಲ ಅವಳು ನಂಬಿದಳು.