ಶಿರಾಡಿ ಘಾಟಿ ಹತ್ತಿದ ಮರಳು

ರಜೆಯಲ್ಲಿ ಬೆಂಗಳೂರಿಗೆ ಬಂದಾಗಲೆಲ್ಲ ಜಯನಗರದ ಮಾವನದು ಒಂದೇ ಪ್ರಶ್ನೆ: “ನೀನಿರುವ ದೇಶದಲ್ಲಿ ಸಮುದ್ರಕ್ಕೇ ಗೋಡೆ ಕಟ್ಟಿದ್ದಾರಂತಲ್ಲ, ಕಡಲು ಕೊರೆಯುತ್ತಿರುವ ಮಂಗಳೂರು ಪಕ್ಕದ ನಮ್ಮ ಉಳ್ಳಾಲಕ್ಕೂ ಹಾಗೆ ಕಟ್ಟಬಾರದೇನೋ?”

ನಾನಿರುವುದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ಆ ದೇಶದಲ್ಲಿ ಗೋಡೆ, ಕಟ್ಟೆಗಳಿರುವುದು ನಿಜ. ಆದರೆ ಹೇಗ್‌ನ ದಡವನ್ನು ಕಾಯುತ್ತಿರುವುದು ಮುಖ್ಯವಾಗಿ ಮರಳು. 1990ರಲ್ಲಿದ್ದ ದಡರೇಖೆಯನ್ನು ಬಿಟ್ಟುಕೊಡಬಾರದೆಂದು ಅಲ್ಲಿನ ಸರ್ಕಾರ ತೀರ್ಮಾನಿಸಿತು. ಪ್ರತಿ ವರ್ಷ ದಡ ಅಳೆಯುತ್ತಾರೆ. ಸವೆದ ಕಡೆ ಸಮುದ್ರದ ತಳದಿಂದ ಮರಳೆತ್ತಿ ತುಂಬುತ್ತಾರೆ. 2011ರಲ್ಲಿ ಹೇಗ್‌ನ ದಕ್ಷಿಣಕ್ಕೆ ಒಂದೇ ಕಡೆ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದರು. ಅದನ್ನು ಅಕ್ಕಪಕ್ಕಕ್ಕೆ ಹಂಚುವ ಕೆಲಸವನ್ನು ಅಲೆಗೂ ಗಾಳಿಗೂ ಬಿಟ್ಟರು.

ದಡದ ಮರಳು ಸದಾ ಸಂಚಾರದಲ್ಲಿರುತ್ತದೆ. ನದಿ ತಂದದ್ದನ್ನು ಅಲೆಗಳು ದಡದುದ್ದಕ್ಕೂ ಒಯ್ಯುತ್ತವೆ. ಅಣೆಕಟ್ಟು ಕಟ್ಟಿ, ಹೊಳೆ ಬಗೆದು, ಅಳಿವೆಯಲ್ಲಿ ಅಲೆ ತಡೆಯುವ ಕಲ್ಲಿನ ಕಟ್ಟೆ (ಬ್ರೇಕ್‌ವಾಟರ್) ಚಾಚಿದರೆ ಆ ಸಾಗಾಟ ತಪ್ಪುತ್ತದೆ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣದ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ದಡ ಕೊಚ್ಚಿಹೋಯಿತು. ದಡಕ್ಕೆ ಬಂಡೆ ಪೇರಿಸಿದಲ್ಲಿ ಅದರ ಹಿಂದಿರುವ ಮನೆ ಉಳಿಯಬಹುದು. ಎದುರಿನ ಮರಳು ಹೋಗುತ್ತದೆ, ಕೊರೆತ ಪಕ್ಕದ ಊರಿಗೆ ದಾಟುತ್ತದೆ, ದೋಣಿ ಎಳೆದಿಡಲು ಜಾಗವಿರುವುದಿಲ್ಲ.

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಾವ ಮಹಡಿ ಕಟ್ಟಿಸುವಾಗ, ಆಗಿನ್ನೂ ಮೂರನೇ ತರಗತಿಯಲ್ಲಿದ್ದ ಅವರ ಮಗಳು ಜರಡಿಯಲ್ಲಿ ಉಳಿದ ಚಿಪ್ಪಿನ ಚೂರುಗಳನ್ನು ಆರಿಸಿ ಬೆಂಕಿಪೊಟ್ಟಣದಲ್ಲಿ ತುಂಬುತ್ತಿದ್ದಳು. “ಮಂಗಳೂರು ಕಡೆಯ ಹೊಳೆ ಮರಳು, ಒಳ್ಳೇ ಮಾಲು” ಎಂದಿದ್ದರು ಮೇಸ್ತ್ರಿ. ಕಡಲು ಸೇರಬೇಕಾದದ್ದು ಶಿರಾಡಿ ಘಾಟಿ ಹತ್ತಿ ನಮ್ಮ ಗಾರೆ ಸೇರಿತು. ಇಂದು ಬೆಂಗಳೂರಿಗರು ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸುವುದನ್ನು ಕಂಡರೆ ನನಗೆ ನಿಜಕ್ಕೂ ನೆಮ್ಮದಿಯಾಗುತ್ತದೆ.

ಡಚ್ಚರ ವಿಧಾನವನ್ನು ಹಾಗೆಯೇ ತಂದು ಕೂರಿಸಲಾಗದು. ನಮ್ಮ ಮುಂಗಾರಿನ ಅಬ್ಬರವೇ ಬೇರೆ, ಮರಳು ತುಂಬುವುದು ಅಗ್ಗವೂ ಅಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದ ಕಡಲೊಳಗೆ ಅಲೆಯ ರಭಸ ಮುರಿಯುವ ದಿಬ್ಬಗಳನ್ನು ಕಟ್ಟಿದ್ದು ಬರಿಯ ಗೋಡೆಗಿಂತ ಒಳ್ಳೆಯ ಯೋಚನೆ. ಆದರೆ ಮನೆ ಉರುಳಿದ ಮೇಲೆ ಕಲ್ಲು ಸುರಿಯುವ ರೂಢಿಯನ್ನು ಬಿಡಲೇಬೇಕು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ದಡ ಅಳೆಯಲಿ. ಬಂದರು, ಅಳಿವೆಗಳಲ್ಲಿ ಹೂಳೆತ್ತಿದ ಮರಳು ಸವೆದ ದಡಕ್ಕೇ ಹೋಗಲಿ. ಆ ಆದೇಶ ಹೊರಡಬೇಕಾದ ವಿಧಾನಸೌಧ ಮಾವನ ಮನೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿದೆ.