ಬೋರಲು ಬಿದ್ದ ಪ್ಲೇಸ್ಟೇಷನ್

ಟಿವಿಗೆ ಹಚ್ಚಿ ಆಟ ಆಡುವ ಸೋನಿಯ ಹಳೆಯ ಪ್ಲೇಸ್ಟೇಷನ್ ಪೆಟ್ಟಿಗೆ ಡಿಸ್ಕ್ ಓದುತ್ತಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, "ಲೆನ್ಸ್ ಹೋಗಿದೆ, ಪಾಟ್ ಸ್ವಲ್ಪ ತಿರುಗಿಸಿ" ಎನ್ನುವವರು ಎಲ್ಲಿಂದಲೋ ಪ್ರತ್ಯಕ್ಷರಾಗುತ್ತಾರೆ. ಪಾಟ್ ಎಂದರೆ ಡಿಸ್ಕ್ ಓದುವ ಲೇಸರ್‌ನ ಕರೆಂಟ್ ಹೆಚ್ಚುಕಡಿಮೆ ಮಾಡುವ ಪುಟ್ಟ ತಿರುಪು. ಇವರ ಕೈಯಲ್ಲಿ ಕರೆಂಟ್ ಅಳೆಯುವ ಮಲ್ಟಿಮೀಟರ್ ಇರುವುದಿಲ್ಲ, ಸ್ಕ್ರೂಡ್ರೈವರ್ ಮಾತ್ರ ಇರುತ್ತದೆ. ಪಾಟ್ ಮೊದಲು ಎಲ್ಲಿತ್ತು ಎಂದು ಪೆನ್ನಿನಿಂದ ಒಂದು ಗೆರೆ ಎಳೆದುಕೊಳ್ಳುವ ವ್ಯವಧಾನವೂ ಇಲ್ಲ. ಲೇಸರ್‌ಗೆ ಹರಿಯುವ ಕರೆಂಟ್ ಹೆಚ್ಚುತ್ತದೆ, ಆಟ ಶುರುವಾಗುತ್ತದೆ, ಸಲಹೆ ಕೊಟ್ಟವರು ಮೀಸೆ ತಿರುವುತ್ತಾರೆ. ಹೆಚ್ಚಿನ ಕರೆಂಟ್ ತಿಂದ ಲೇಸರ್ ಬೇಗ ಸಾಯುತ್ತದೆ. ಆ ಹೊತ್ತಿಗೆ ಅವರು ಫೋನ್ ಎತ್ತುವುದಿಲ್ಲ.

ಮೊದಲ ಸಾಲಿನ ಪೆಟ್ಟಿಗೆಗಳಿಗಂತೂ ಈ ಸಲಹೆ ಬಹುಪಾಲು ಸಲ ತಪ್ಪು. 1994ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕ ಮತ್ತು ಯುರೋಪಿನಲ್ಲಿ ಬಂದ ಈ ಪೆಟ್ಟಿಗೆಗಳ ಒಳಗಿರುವುದು ಕೆಎಸ್‌ಎಂ-440ಎಎಎಂ ಎಂಬ ಲೇಸರ್ ಘಟಕ. ಅದರ ಮೈಯೂ ಪ್ಲಾಸ್ಟಿಕ್, ಲೆನ್ಸ್ ಹೊತ್ತು ಹಿಂದೆ ಮುಂದೆ ಜಾರುವ ಸ್ಲೆಡ್ಡೂ ಪ್ಲಾಸ್ಟಿಕ್. ಸಾಲದ್ದಕ್ಕೆ ಪಕ್ಕದಲ್ಲೇ ಪವರ್ ಸಪ್ಲೈ. ಬಿಸಿ ತಾಗಿದ ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಸವೆಯುತ್ತದೆ, ಅದೂ ಒಂದೇ ಮಗ್ಗುಲಿಗೆ ಹೆಚ್ಚು. ಲೆನ್ಸ್ ವಾಲುತ್ತದೆ. ಕಣ್ಣು ನೆಟ್ಟಗೇ ಇದೆ, ಕತ್ತು ಉಳುಕಿದೆ. ಪಾಟ್ ತಿರುಗಿಸುವವರು ಕನ್ನಡಕದ ನಂಬರ್ ಏರಿಸುತ್ತಿದ್ದಾರೆ. ಮುಂದಿನ ಮಾಡೆಲ್‌ಗಳಲ್ಲಿ ಸೋನಿ ಸ್ಲೆಡ್ಡನ್ನು ಲೋಹದಲ್ಲಿ ಎರಕ ಹೊಯ್ದು, ಲೇಸರನ್ನು ಪವರ್ ಸಪ್ಲೈಯಿಂದ ದೂರ ಇಟ್ಟಿತು.

ವಾಲಿದ್ದು ಮೊದಲು ತಿಳಿಯುವುದು ಆಟದ ನಡುವೆ ಬರುವ ವಿಡಿಯೋದಲ್ಲಿ. ಅದು ಸೆಕೆಂಡಿಗೆ ಸುಮಾರು 300 ಕಿಲೋಬೈಟ್‌ನಂತೆ ಎಡೆಬಿಡದೆ ಹರಿದುಬರಬೇಕು. ಆಟದ ಉಳಿದ ಮಾಹಿತಿ ಒಂದು ಸಲ ತಪ್ಪಿದರೆ ಡ್ರೈವ್ ಮತ್ತೆ ಓದುತ್ತದೆ, ಲೋಡಿಂಗ್ ತುಸು ತಡವಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ವಿಡಿಯೋಗೆ ಆ ಪುರುಸೊತ್ತಿಲ್ಲ. ದನಿ ಬಿಕ್ಕಳಿಸುತ್ತದೆ, ಚಿತ್ರ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಲೋಕಪ್ರಸಿದ್ಧವಾದ ಮದ್ದು, ಪೆಟ್ಟಿಗೆಯನ್ನೇ ಬೋರಲು ಹಾಕುವುದು. ನಗಬೇಡಿ, ಲೆಕ್ಕ ಸರಿಯಾಗಿದೆ. ಸವೆದ ಕಡೆಗೆ ಕುಸಿದು ಕೂರುತ್ತಿದ್ದ ಸ್ಲೆಡ್, ಮಗುಚಿದಾಗ ತನ್ನ ಭಾರಕ್ಕೇ ಇನ್ನೊಂದು ಮೈಗೆ ಆತುಕೊಳ್ಳುತ್ತದೆ. ವಾಲು ಬದಲಾಗಿ ಫೋಕಸ್ ಸಿಗುತ್ತದೆ. ಡಿಸ್ಕ್ ಬೀಳುವುದಿಲ್ಲವೇ ಎಂದರೆ, ಇಲ್ಲ. ಡಿಸ್ಕನ್ನು ಹೊತ್ತು ತಿರುಗುವ ಸ್ಪಿಂಡಲ್‌ನ ಕೊರಳಲ್ಲಿ ಸ್ಪ್ರಿಂಗಿಗೆ ಒತ್ತಿ ನಿಂತ ಮೂರು ಪುಟ್ಟ ಗುಬುಟುಗಳಿವೆ, ಡಿಸ್ಕಿನ ನಡುತೂತು ಟಕ್ಕೆಂದು ಅವುಗಳಡಿ ಸಿಕ್ಕಿಕೊಳ್ಳುತ್ತದೆ. ಆ ಟಕ್ ಕೇಳಿಸದೆ ಮಗುಚಿದಿರೋ, ಲೇಬಲ್ ಮೈ ಮುಚ್ಚಳಕ್ಕೆ ಉಜ್ಜುತ್ತದೆ. ಹೊಳೆಯುವ ಲೋಹದ ಪದರ ಇರುವುದು ಲೇಬಲ್ಲಿನ ಅಡಿಯಲ್ಲೇ, ಹಾಗಾಗಿ ಅಲ್ಲಿ ಬಿದ್ದ ಗೀರಿಗೆ ಮದ್ದಿಲ್ಲ. ತಿರುಗುತ್ತಿರುವಾಗ ಮಗುಚುವ ಶೂರರೂ ಇದ್ದಾರೆ. ಅವರ ಡಿಸ್ಕುಗಳನ್ನು ವೃತ್ತಾಕಾರದ ಗೀರಿನಿಂದಲೇ ಗುರುತಿಸಬಹುದು. ಇಷ್ಟೆಲ್ಲ ಜೋಪಾನ ಮಾಡಿ ಆಡುತ್ತಾ ಕುಳಿತರೆ, ಮೂರು ಡಿಸ್ಕಿನ ಫೈನಲ್ ಫ್ಯಾಂಟಸಿ 7 ಎಂಬ ಆಟ ಇದ್ದಕ್ಕಿದ್ದಂತೆ ಎರಡನೆಯ ಡಿಸ್ಕ್ ಕೇಳುತ್ತದೆ. ಓಪನ್ ಬಟನ್ ಈಗ ಹೊಟ್ಟೆಯಡಿ. ಅದರ ಜೊತೆಗೇ ಪವರ್ ಬಟನ್, ರೀಸೆಟ್ ಬಟನ್ ಕೂಡ. ಇವೆರಡನ್ನು ಮುಟ್ಟದೆ ಎತ್ತಿ, ಅಂಗಾತ ಮಾಡಿ, ಡಿಸ್ಕ್ ಬದಲಿಸಿ, ಟಕ್ ಕೇಳಿಸಿಕೊಂಡು, ಉಸಿರು ಬಿಗಿಹಿಡಿದು ಮತ್ತೆ ಬೋರಲು ಹಾಕಬೇಕು. ಓರೆಯಾದ ಒಂದು ಪುಟ್ಟ ಲೆನ್ಸಿಗಾಗಿ ಇಡೀ ಪೆಟ್ಟಿಗೆಯನ್ನೇ ತಲೆಕೆಳಗು ಮಾಡುವುದರಲ್ಲಿ ಏನೋ ಒಂದು ತತ್ತ್ವ ಇರಲೇಬೇಕು. ಅದರ ಬೆನ್ನು ಹತ್ತಿದರೆ ಸ್ಲೆಡ್ಡಿಗೆ ಸವರುವ ಗ್ರೀಸಿನ ವಿಷಯ ಉಳಿದುಬಿಡುತ್ತದೆ.

ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ, ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ. (ಜಪಾನ್, ಅಮೆರಿಕದ ಪೆಟ್ಟಿಗೆ 100ರಿಂದ 120 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಚುಚ್ಚಿದರೆ ಆಮೇಲೆ ಡಿಸ್ಕಿನ ಚಿಂತೆಯೇ ಇರುವುದಿಲ್ಲ.) 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಯರ್‌ಬಡ್ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಲೆನ್ಸ್ ಒರೆಸಿ. ಒತ್ತಬೇಡಿ, ಅದು ತೀರಾ ತೆಳು ತಂತಿಗಳ ಮೇಲೆ ತೂಗುತ್ತಿರುತ್ತದೆ. ಆಮೇಲೆ ಸ್ಲೆಡ್ ಜಾರುವ ಕಡೆ ಅಂಟಾಗಿ ಕೂತ ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸನ್ನು ಸಾಸಿವೆ ಕಾಳಿನಷ್ಟು ಸವರಿ. ಹೊಲಿಗೆ ಮಿಷನ್ನಿನ ಎಣ್ಣೆ ಬಿಡುವವರಿಗೆ ದೂರದಿಂದಲೇ ನಮಸ್ಕಾರ. ಅದು ಹರಿದು ಲೆನ್ಸಿಗೇ ಬರುತ್ತದೆ. ಸವೆದ ಕಡೆ ತೆಳು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಎತ್ತರಿಸುವುದೂ ಉಂಟು, ಸ್ವಲ್ಪ ಕಾಲ ನಡೆಯುತ್ತದೆ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಒರೆಸಿದರೆ ಗೀರು ಟ್ರ್ಯಾಕ್‌ನ ಉದ್ದಕ್ಕೇ ಬಿದ್ದು, ಒಂದರ ಹಿಂದೊಂದು ಇರುವ ಮಾಹಿತಿಯೆಲ್ಲ ಒಟ್ಟಿಗೆ ಹೋಗುತ್ತದೆ; ಅಷ್ಟನ್ನು ಸರಿಪಡಿಸುವ ಶಕ್ತಿ ಡ್ರೈವಿಗಿಲ್ಲ. ಗೀರು ಹೋಗಲೆಂದು ಕೆಲವರು ಡಿಸ್ಕಿಗೆ ಉಜ್ಜುವ ಟೂತ್‌ಪೇಸ್ಟ್ ಹಲ್ಲಿಗಿರಲಿ.

ಇಷ್ಟಾಗಿಯೂ ವಾಲು ಹೋಗದಿದ್ದರೆ ಘಟಕವನ್ನೇ ಬದಲಿಸಬೇಕು. ಹೊಸದರ ಸರ್ಕ್ಯೂಟಿನ ಮೇಲೆ ಎರಡು ಬಿಂದುಗಳನ್ನು ಕೂಡಿಸಿದ ಸಣ್ಣದೊಂದು ಬೆಸುಗೆಯ ಹನಿ ಇದೆಯೇ ನೋಡಿ. ಸಾಗಣೆಯಲ್ಲಿ ಸ್ಥಿರ ವಿದ್ಯುತ್ತಿಗೆ ಲೇಸರ್ ಹೊರಡಿಸುವ ಡಯೋಡ್ ಸುಡದಿರಲಿ ಎಂದು ಹಾಕಿದ್ದು ಅದು. ಪವರ್ ಕೊಡುವ ಮುಂಚೆ ತೆಗೆಯಬೇಕು. ತೆಗೆಯದಿದ್ದರೆ ಲೇಸರ್ ಹೊತ್ತುವುದೇ ಇಲ್ಲ. "ಡೂಪ್ಲಿಕೇಟ್ ಮಾಲು ಕೊಟ್ಟೆ" ಎಂದು ಕೂಗಾಡಿ ಜನ ಅದನ್ನು ವಾಪಸ್ ಕಳಿಸುತ್ತಾರೆ. ಹನಿಯನ್ನು ಅವರೂ ನೋಡಿರುವುದಿಲ್ಲ, ಅಂಗಡಿಯವನೂ ನೋಡುವುದಿಲ್ಲ, ಮಾಲು ಮುಂದಿನ ಗಿರಾಕಿಗೆ ಹೊರಡುತ್ತದೆ.