ಸಾಲ ಎಷ್ಟು ಅಂತ ಕೇಳುವ ಮುಂಚೆ

ಕೋಲಾರದ ನಮ್ಮ ಕಡೆಯ ಹುಡುಗರು ಟೊಮೆಟೊ ಬೆಳೆಗಾರರ ಸಮೀಕ್ಷೆಗೆ ಗೂಗಲ್ ಫಾರ್ಮ್ ಮಾಡಿದ್ದರು. ಬೋರ್‌ವೆಲ್ ಎಷ್ಟು ಅಡಿ, ಮಂಡಿಯಲ್ಲಿ ಮುಂಗಡ ತಗೊಂಡಿದ್ದೀರಾ, ಸಾಲ ಎಷ್ಟಿದೆ. ಒಳ್ಳೆ ಕೆಲಸ. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಇಂಥ ಲೆಕ್ಕ ಯಾರಾದರೂ ಬರೆದಿಡಲೇಬೇಕು.

ಅಣ್ಣನನ್ನು ಫೋನಿನಲ್ಲಿ ಕೇಳಿಕೊಂಡು, ಅವನ ಪರವಾಗಿ ಜರ್ಮನಿಯಿಂದ ನಾನೇ ತುಂಬಿದೆ. ಕಳಿಸಿದ ತಕ್ಷಣ, ಹಿಂದಿನ ಉತ್ತರಗಳನ್ನು ನೋಡಿ ಅಂತ ಒಂದು ಲಿಂಕ್ ಬಂತು. ಒತ್ತಿದರೆ ಹೆಸರುಗಳ ಪಟ್ಟಿ, ಅದರ ಕೆಳಗೆ ಫೋನ್ ನಂಬರುಗಳು, ಅದರ ಕೆಳಗೆ ಸಾಲದ ಮೊತ್ತಗಳು. ಯಾವುದು ಯಾರದ್ದು ಅಂತ ಊರಿನವರಿಗೆ ಹೇಳಿಕೊಡಬೇಕಾ?

ಸೆಟ್ಟಿಂಗ್ಸ್‌ನಲ್ಲಿ, ಪ್ರೆಸೆಂಟೇಷನ್ ಅನ್ನುವ ಭಾಗದಲ್ಲಿ, ಫಲಿತಾಂಶದ ಸಾರಾಂಶ ತೋರಿಸುವ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಬರೀ ಚಾರ್ಟ್ ಅಲ್ಲ, ಜನ ಬರೆದ ಉತ್ತರಗಳೂ ಕಾಣುತ್ತವೆ. ಉತ್ತರಗಳು ಹೋಗಿ ಕೂರುವ ಶೀಟ್‌ನ ಶೇರಿಂಗ್ ಬೇರೆ. ಫಾರ್ಮ್ ಭದ್ರವಾಗಿದ್ದರೂ ಶೀಟ್ 'ಲಿಂಕ್ ಇರುವ ಯಾರಾದರೂ' ಅಂತಿದ್ದರೆ ಬಾಗಿಲು ತೆರೆದ ಹಾಗೇ. ಇಮೇಲ್ ಪಡೆಯುವುದೂ ಬೇರೆಯೇ ಆಯ್ಕೆ. ಒಬ್ಬರಿಗೆ ಒಂದೇ ಉತ್ತರ ಅಂತ ಇಟ್ಟರೆ ಲಾಗಿನ್ ಕೇಳುತ್ತದೆ, ಅಷ್ಟಕ್ಕೇ ಇಮೇಲ್ ಫಾರ್ಮ್ ಮಾಡಿದವರ ಕೈಗೆ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೆದರಿ ಫಾರ್ಮನ್ನೇ ಬಿಟ್ಟುಬಿಡುತ್ತಾರೆ.

ಇಲ್ಲಿ ಯುರೋಪಿನ ಡೇಟಾ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಸಣ್ಣ ಸಂಘಗಳಿಗೂ ಅದು ಅನ್ವಯ. ಮಗಳ ಶಾಲೆಯ ಪೋಷಕರ ಫಾರ್ಮ್‌ನ ಮೇಲೇ ಬರೆದಿರುತ್ತದೆ: ಯಾಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ. ಜೊತೆಗೆ ಯಾರೂ ಓದದ ಉದ್ದನೆಯ ಪುಟಗಳೂ ಇರುತ್ತವೆ, ಅವು ನಮಗೆ ಬೇಡ. ಆ ಮೂರು ಸಾಲು ಸಾಕು. ನಮ್ಮಲ್ಲೂ 2023ರಲ್ಲಿ ಕಾನೂನು ಬಂದಿದೆ, ಆದರೆ ಹಳ್ಳಿಯ ಫಾರ್ಮ್‌ಗೆ ಪೊಲೀಸರು ಬರಲಿ ಅಂತ ನಾನು ಹೇಳುತ್ತಿಲ್ಲ.

'ನಮ್ಮೂರಲ್ಲಿ ಯಾರ ಸಾಲ ಯಾರಿಗೆ ಗೊತ್ತಿಲ್ಲ?' ಅಂದ ಅಣ್ಣ. ನಿಜ. ಆದರೆ ಅರಳಿಕಟ್ಟೆಯ ಮಾತು ಅಲ್ಲೇ ಉಳಿಯುತ್ತದೆ. ಈ ಪಟ್ಟಿ ಫೋನಿಂದ ಫೋನಿಗೆ ಹೋಗಿ, ಮುಂದಿನ ಬೆಳೆಗೆ ದರ ಮಾತಾಡುವವನ ಕೈಗೂ ಸೇರುತ್ತದೆ. ಎದುರಿನವನ ಕಷ್ಟ ಎಷ್ಟು ಅಂತ ಗೊತ್ತಿದ್ದವನು ದರ ಜಾಸ್ತಿ ಕೊಡುತ್ತಾನಾ?

ತುಂಬುವವರಿಗೆ ಈ ಗುಂಡಿಗಳು ಕಾಣುವುದೇ ಇಲ್ಲ. ಹಾಗಾಗಿ ಹೊಣೆ ಪೂರ್ತಿ ಫಾರ್ಮ್ ಮಾಡುವವರದ್ದು. ಹುಡುಗರಿಗೆ ಫೋನ್ ಮಾಡಿ ಹೇಳಿದೆ, ಪಾಪ, ಅವತ್ತೇ ಆಫ್ ಮಾಡಿದರು. ಹೆಸರು ಕೇಳಲೇಬೇಕಾ ಅಂತಲೂ ಕೇಳಿದೆ. ಹೋಬಳಿ ಸಾಕಲ್ವಾ? ಅದಕ್ಕೆ ಇನ್ನೂ ಒಪ್ಪಿಲ್ಲ.